ಭಾಷೆ ಬದಲಾಗಲಿಲ್ಲ

ಜನವರಿ 9

ಮುದ್ದು ಸೂಜಿ,

ಈ ಕಾಗದವನ್ನು ನಾನು ಹೇಳುತ್ತಿದ್ದೇನೆ, ಕೆಳಮನೆಯ ಟೀಚರಮ್ಮ ಬರೆಯುತ್ತಿದ್ದಾರೆ. ನೀನು ಕ್ಷೇಮವಾಗಿ ಮನೆ ಸೇರಿ ಕೆಲಸಕ್ಕೂ ಬಂದೆಯೆಂದು ನಿಮ್ಮ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನ ಯಜಮಾನರು ಫೋನ್ ಮಾಡಿ ತಿಳಿಸಿದರು. ಒಳ್ಳೆಯ ಮನುಷ್ಯ. ನಾನು ಆರೋಗ್ಯವಾಗಿದ್ದೇನೆ. ಊಟ ತಿಂಡಿ ಸರಿಯಾಗಿ ನಡೆಯುತ್ತಿದೆ.

(ಇದು ನಾನು, ಟೀಚರ್. ಸರಿಯಾಗಿ ಏನೂ ನಡೆಯುತ್ತಿಲ್ಲಮ್ಮ. ನಾನು ಕೊಟ್ಟ ಡಬ್ಬಿ ಮಾರನೆಯ ದಿನ ಹಾಗೆಯೇ ಕೆಳಗೆ ಬರುತ್ತದೆ. ನಿಮ್ಮಪ್ಪನ ಚಪ್ಪಲಿ ಇನ್ನೂ ಬಾಗಿಲಲ್ಲೇ ಇದೆ, ತೆಗೆಯಲು ಬಿಡುವುದಿಲ್ಲ.)

ನಾನು ಹೇಳಿದ್ದು ಒಂದು ಸಾಲು, ಪೆನ್ನು ಓಡಿದ್ದು ನಾಲ್ಕು ಸಾಲು. "ಏನ್ರೀ ಬರೀತಿದೀರಾ?" ಅಂದರೆ "ಪೂರ್ಣವಿರಾಮ ಹಾಕ್ತಿದೀನಿ" ಅನ್ನುತ್ತಾರೆ. ಇರಲಿ. ನಿನಗೆ ಹೇಳಬೇಕಾದದ್ದು ಬಹಳ ಇದೆ. ಆದರೆ ಇನ್ನೊಬ್ಬರ ಕೈಯಲ್ಲಿ ಬರೆಸುವ ಮಾತಲ್ಲ ಅದು. ಕಂಪ್ಯೂಟರ್ ಕಲಿಸುವ ಮೇಷ್ಟ್ರೊಬ್ಬರು ಸಿಕ್ಕಿದ್ದಾರೆ. ಅವರಿಗೂ ಕಣ್ಣಿಲ್ಲ. ನಿಮ್ಮಪ್ಪನ ಕಂಪ್ಯೂಟರಿಗೆ ಸ್ಕ್ರೀನ್ ರೀಡರ್ ಹಾಕಿಕೊಟ್ಟಿದ್ದಾರೆ. ತೆರೆಯ ಮೇಲೆ ಇರುವುದನ್ನೆಲ್ಲ ಅದು ಬಾಯಿಬಿಟ್ಟು ಓದುತ್ತದೆ. ಕಲಿಯುತ್ತೇನೆ.

ನಿನ್ನ
ಅಮ್ಮ


ಜನವರಿ 27

ಅಮ್ಮಾ,

ಅಪ್ಪ ನಿನ್ನ ಹೆಸರಿನಲ್ಲಿ ಮಾಡಿಕೊಟ್ಟಿದ್ದ ಈಮೇಲಿಗೇ ಬರೆಯುತ್ತಿದ್ದೇನೆ. ಯಂತ್ರ ಓದಿ ಹೇಳುತ್ತದಲ್ಲ, ಅದಕ್ಕೆ ನಾಚಿಕೆಯಿಲ್ಲ. ಹಾಗಾಗಿ ನಾನೂ ನಾಚದೆ ಬರೆಯಬಹುದು. ನನ್ನ ಕನ್ನಡ ಪುಸ್ತಕದಿಂದ ಕಲಿತದ್ದು. ಅಕ್ಷರ ಅಕ್ಷರವಾಗಿ ಓದಿದರೂ ಅರ್ಥ ಕೆಡುವುದಿಲ್ಲ.

ನಿನ್ನ ಕಣ್ಣು ಹೋದ ಮೇಲೆ ನಾವು ಮಾತನಾಡಿದ್ದೆಲ್ಲ ಅಪ್ಪನ ಮೂಲಕ. ಕಿವಿ ಕೇಳದ ನನ್ನ ಕೈಸನ್ನೆಯನ್ನು ಅವನು ನೋಡಿ ನಿನಗೆ ಬಾಯಲ್ಲಿ ಹೇಳುತ್ತಿದ್ದ. ನೀನು ಹೇಳಿದ್ದಕ್ಕೆ ನಿನ್ನ ಕೈಯೇ ಸಾಕಿತ್ತು, ನನಗೆ ಕಾಣುತ್ತಿತ್ತು. ನವೆಂಬರಿನಲ್ಲಿ ಅಪ್ಪ ಸತ್ತಾಗ ಬಂದು ಅಷ್ಟು ದಿನ ಒಂದೇ ಕೋಣೆಯಲ್ಲಿ ಕೂತಿದ್ದೆವು. ನೀನು ನನಗೆ ಹೇಳಿದೆ. ನನ್ನಿಂದ ನಿನಗೆ ಒಂದು ಮಾತೂ ಹೇಳಲಾಗಲಿಲ್ಲ. ನಿನ್ನ ಅಂಗೈ ಮೇಲೆ ಅಕ್ಷರ ಬರೆದೆ, ನಿನಗೆ ತಿಳಿಯಲಿಲ್ಲ. ಹೊರಡುವ ಹಿಂದಿನ ದಿನ ನಿನ್ನ ಕೈ ತೆಗೆದು ನನ್ನ ಹೊಟ್ಟೆಯ ಮೇಲೆ ಇಟ್ಟೆ. ನೀನು ಎದ್ದು ಹೋಗಿ ಊಟದ ತಟ್ಟೆ ತಂದೆ.

ಅಮ್ಮಾ, ನಾನು ಬಸುರಿ. ಈಗ ನಾಲ್ಕನೇ ತಿಂಗಳು.

ಹಲ್ಲಿನ ಸೆಟ್ಟು ಉಜ್ಜುವಾಗ ಏಳುವ ಪುಡಿ ಮಗುವಿಗೆ ಒಳ್ಳೆಯದಲ್ಲವೆಂದು ಯಜಮಾನರು ನನ್ನನ್ನು ಮೇಣದ ಮೇಜಿಗೆ ಹಾಕಿದ್ದಾರೆ. ಬೇರೆಯವರ ಒಸಡನ್ನು ಮೇಣದಲ್ಲಿ ತಿದ್ದುತ್ತಾ ಕೂರುತ್ತೇನೆ. ಸುಖದ ಕೆಲಸ. ಬೇಗ ಕಲಿ. ನಿನ್ನ ಬೆರಳಿನಿಂದಲೇ ಬರೆ.

ಸೂಜಿ


ಫೆಬ್ರವರಿ 18

ಸೂಜೀ,

ಇದು ನಾನೇ, ನನ್ನ ಬೆರಳಿನಿಂದಲೇ. ಬಸುರಿ ಮಗಳು ಹೊಟ್ಟೆ ಮುಟ್ಟಿಸಿದರೆ ತಟ್ಟೆ ತಂದವಳ ಬುದ್ಧಿಗೆ ಏನು ಹೇಳಲಿ! ನಿನ್ನ ಕಾಗದವನ್ನು ಯಂತ್ರದ ಹೆಂಗಸು ಓದಿದಳು. "ಅಮ್ಮಾ ನಾನು ಬಸುರಿ" ಅಂದಳು, ರೈಲು ತಡವಾಗಿ ಬರುತ್ತದೆ ಅನ್ನುವ ದನಿಯಲ್ಲಿ. ಮತ್ತೆ ಮತ್ತೆ ಹೇಳಿಸಿದೆ. ಒಂದು ಸಲವೂ ಅವಳಿಗೆ ಸಂತೋಷವಾಗಲಿಲ್ಲ. ಅವಳ ಪಾಲಿನದನ್ನೂ ನಾನೇ ಪಟ್ಟೆ.

ಇದರೊಳಗೆ ಇಬ್ಬರಿದ್ದಾರೆ. ಇಂಗ್ಲಿಷ್ ಓದುವ ಗಂಡಸು ಒಬ್ಬ, ಕನ್ನಡ ಓದುವ ಇವಳೊಬ್ಬಳು. ಅವನಿಗೆ ಇವಳ ಭಾಷೆ ಬಾರದು. ಕನ್ನಡ ಕಂಡರೆ ಅಲ್ಲಿ ಏನೂ ಇಲ್ಲವೆಂಬ ಹಾಗೆ ಸುಮ್ಮನೆ ದಾಟಿಬಿಡುತ್ತಾನೆ. ವಿಳಾಸ, ಪಾಸ್‌ವರ್ಡ್ ಇಂಗ್ಲಿಷಿನಲ್ಲಿ ಹೊಡೆಯಬೇಕು. ಕಾಗದ ಕನ್ನಡದಲ್ಲಿ. ಎರಡು ಕೀ ಒಟ್ಟಿಗೆ ಒತ್ತಿದರೆ ಕೀಬೋರ್ಡಿನ ಭಾಷೆ ಬದಲಾಗುತ್ತದೆ. ಕಣ್ಣಿದ್ದವರಿಗೆ ಯಾವ ಭಾಷೆಯೆಂದು ಮೂಲೆಯಲ್ಲಿ ಕಾಣುತ್ತದಂತೆ. ನನಗೆ ಅದು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಒತ್ತಿದ ಒಂದೊಂದು ಅಕ್ಷರವನ್ನೂ ಕೂಗಿ ಹೇಳುತ್ತಿತ್ತು. ತಲೆ ಚಿಟ್ಟು ಹಿಡಿದು ಅದನ್ನು ಮಾತ್ರ ನಿಲ್ಲಿಸಿದ್ದೇನೆ.

ಈಗ ನಿನ್ನ ಮಾತಿಗೆ ಬರುತ್ತೇನೆ. ಅದಕ್ಕೆ ಮೊದಲು ನಿನ್ನ ಮದುವೆಯಾದಾಗಲೇ ನಿಮ್ಮಪ್ಪ ಕಂಪ್ಯೂಟರಿನಲ್ಲಿ ಬರೆದಿಟ್ಟ ಒಂದು ಇಂಗ್ಲಿಷ್ ವಿಳಾಸ ಕೊಡಬೇಕು, ನಿಮ್ಮ ಕಡೆಯ ಒಳ್ಳೆಯ ಹೆರಿಗೆ ಡಾಕ್ಟರದು. ಭಾಷೆ ಬದಲಾಯಿಸಿ ಬರುತ್ತೇನೆ, ಇರು.


ಫೆಬ್ರವರಿ 20

ಅಮ್ಮಾ,

ನೀನು "ಇರು" ಎಂದ ಮೇಲೆ ವಿಳಾಸ ಬಂತು. ಅದರ ಕೆಳಗೆ ಒಂದು ಪುಟ ಪೂರ್ತಿ ಇಂಗ್ಲಿಷ್ ಅಕ್ಷರ, ಕೋಳಿ ಕೆದರಿದ ಹಾಗೆ. ನೀನು ಕನ್ನಡಕ್ಕೆ ವಾಪಸು ಬಂದೆನೆಂದುಕೊಂಡಿದ್ದೀಯ, ಕೀಬೋರ್ಡು ಬಂದಿಲ್ಲ.

ನಿನ್ನ ಅಳಿಯ ಅಂಗಡಿ ಬೋರ್ಡು ಬರೆಯುವವರಲ್ಲವೇ, ಎರಡು ಲಿಪಿಯೂ ಕೈಯಲ್ಲಿದೆ. "ಬಾ, ಬಿಡಿಸೋಣ" ಎಂದರು. ಯಾವ ಇಂಗ್ಲಿಷ್ ಕೀ ಮೇಲೆ ಯಾವ ಕನ್ನಡ ಅಕ್ಷರ ಕೂತಿದೆ ಎಂದು ಚಿತ್ರ ಹುಡುಕಿ ಪಕ್ಕದಲ್ಲಿಟ್ಟುಕೊಂಡು, ಒಂದೊಂದೇ ಅಕ್ಷರ ಬಿಡಿಸಿದೆವು. ಚಹಾ ಆರಿಹೋಯಿತು. ಕೊನೆಗೆ ಸಿಕ್ಕಿದ ಸಾಲು: "ಹೊತ್ತಿಗೆ ಸರಿಯಾಗಿ ಊಟ ಮಾಡು." ಅವರು ಪೆನ್ಸಿಲ್ ಎಸೆದು ನಕ್ಕರು. ಇದಕ್ಕೆ ಇಷ್ಟು ಒದ್ದಾಟವೇ ಎಂದರು. ನಾನೂ ನಕ್ಕೆ.

ಉಳಿದ ಪುಟ ಹಾಗೆಯೇ ಇದೆ. ಅದರಲ್ಲಿ ಏನಿತ್ತು ಅಮ್ಮಾ?

ಇನ್ನೊಂದು ಮಾತು. ನೀನು ಇಲ್ಲಿಗೇ ಬಂದುಬಿಡು. ಹೆರಿಗೆಗೆ ಮಾತ್ರ ಅಲ್ಲ, ಇರುವುದಕ್ಕೇ.

ಸೂಜಿ


ಮಾರ್ಚ್ 14

ಸೂಜೀ,

ಉಳಿದ ಪುಟದಲ್ಲಿ ಏನಿತ್ತೆಂದು ಕೇಳಿದ್ದೀಯ. ಮರೆತುಹೋಯಿತು.

ತಡವಾದದ್ದಕ್ಕೆ ಕಾರಣ ಹೇಳುತ್ತೇನೆ. ಈ ಕಾಗದವನ್ನು ಇದಕ್ಕೆ ಮೊದಲೂ ಬರೆದೆ, ಓದಿಸಿದರೆ ಗಂಡಸು ಎಲ್‌ವಿಎಸ್‌ಸಿ ಎಂದು ಬಡಬಡಿಸಿದ. ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅದೇ. ಬೆರಳು ತಪ್ಪಿತೋ, ತಲೆ ಕೆಟ್ಟಿತೋ ಅಂದುಕೊಂಡೆ. ಮೇಷ್ಟ್ರಿಗೆ ಫೋನ್ ಮಾಡಿದರೆ, "ಅಮ್ಮಾ, ನಿಮ್ಮ ಯಂತ್ರದಲ್ಲಿ ಮೂರನೇ ಭಾಷೆ ಒಂದು ಸೇರ್ಕೊಂಡಿದೆ. ಬೇರೆ ದೇಶದ ಇಂಗ್ಲಿಷು. ಒಂದು ಸಲ ಒತ್ತಿದ್ರೆ ಇಂಗ್ಲಿಷಿಂದ ಇಂಗ್ಲಿಷಿಗೇ ಹೋಗ್ತೀರ" ಅಂದರು. ಕರೆಯದೆ ಬಂದ ನೆಂಟ. ತೆಗೆದುಹಾಕಿದರೂ ಯಂತ್ರ ಆರಿ ಹೊತ್ತಿಕೊಂಡಾಗ ಮತ್ತೆ ಬಂದು ಕೂರುತ್ತದೆ.

ಅಲ್ಲಿಗೆ ಬಾ ಎಂದಿದ್ದೀಯ. ಯೋಚಿಸು ಮಗಳೇ. ನಾನು ಬಚ್ಚಲಲ್ಲಿ ಜಾರಿ ಬಿದ್ದು ಕೂಗಿದರೆ ನಿಮ್ಮಿಬ್ಬರಲ್ಲಿ ಯಾರಿಗೆ ಕೇಳುತ್ತದೆ? ನೀನು ಎದುರಿಗೆ ನಿಂತು ಕೈಯಾಡಿಸಿದರೆ ನನಗೆ ಗಾಳಿ ಬೀಸಿದಂತೆ. ಕುರುಡರಿಗೆ ಕನ್ನಡಿ ತೋರಿಸಿದಂತೆ, ಕಿವುಡರ ಮುಂದೆ ಶಂಖ ಊದಿದಂತೆ ಅನ್ನುತ್ತಾರಲ್ಲ. ಗಾದೆ ಕಟ್ಟಿದವರಿಗೆ ನಮ್ಮ ಮನೆಯವರನ್ನು ಬಿಟ್ಟು ಬೇರೆ ಯಾರೂ ಸಿಕ್ಕಿರಲಿಲ್ಲವೇನೋ. ನಿಮಗೆ ಮಗು ನೋಡಿಕೊಳ್ಳುವುದೇ ಸಾಕಾಗುತ್ತದೆ, ಅದರ ಮೇಲೆ ನಾನೊಂದು ಬೇಡ. ಇಲ್ಲಿ ಗೋಡೆಗಳಾದರೂ ಗುರುತಿನವು.

ಟೀಚರಮ್ಮ ಬೇಸಿಗೆಗೆ ಅವರ ಅಕ್ಕನ ಮನೆಗೆ ಹೋಗುತ್ತಾರೆ. ಮನೆಯಲ್ಲಿ ಈಗ ಮಾತನಾಡುವುದು ಈ ಯಂತ್ರ ಒಂದೇ. ಅದನ್ನೂ ಆರಿಸಿದರೆ ನನ್ನ ಉಸಿರು ಕೇಳುತ್ತದೆ.

ಅಮ್ಮ


ಏಪ್ರಿಲ್ 2

ಅಮ್ಮಾ,

ಡಾಕ್ಟರ್ ನಿನ್ನೆ ಒಂದು ಚೀಟಿಯಲ್ಲಿ ಬರೆದು ತೋರಿಸಿದರು. "ನಿಮ್ಮಿಬ್ಬರಿಗೂ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಮಗುವಿಗೂ ಹಾಗಾಗಬಹುದು. ಮನಸ್ಸು ಗಟ್ಟಿ ಮಾಡಿಕೊಳ್ಳಿ." ಬರೆದು ನನ್ನ ಭುಜ ತಟ್ಟಿದರು. ನನಗೆ ಗಟ್ಟಿ ಮಾಡಿಕೊಳ್ಳುವಂಥದ್ದು ಏನೂ ಕಾಣಲಿಲ್ಲ. ನಿಜ ಹೇಳಲೇ? ಒಳಗೊಳಗೆ ಸಂತೋಷವಾಯಿತು. ನನ್ನ ಕೈಯ ಭಾಷೆಯನ್ನು ಹುಟ್ಟಿದ ದಿನದಿಂದ ನೋಡುವವರು ಒಬ್ಬರು ಬರುತ್ತಾರೆ ಎಂದು.

ಹೊರಗೆ ಬಂದ ಮೇಲೆ ನಿನ್ನ ನೆನಪಾಯಿತು. ನನಗೆ ಕೇಳಿಸುವುದಿಲ್ಲವೆಂದು ಗೊತ್ತಾದ ದಿನ ನೀನು ಅತ್ತಿದ್ದೆಯಾ? ಒಮ್ಮೆ ಅಪ್ಪನನ್ನು ಕೇಳಿದ್ದೆ. ಅವನು ಕೈಯಾಡಿಸಿ "ಇಲ್ಲ" ಎಂದು, ತಕ್ಷಣ ಹೊರಗೆ ಹೋಗಿ ಗಿಡಕ್ಕೆ ನೀರು ಹಾಕತೊಡಗಿದ. ಆಗಷ್ಟೇ ಹಾಕಿ ಬಂದಿದ್ದ.

ನನ್ನ ಮಗು ನನ್ನ ಹಾಗೇ ಇದ್ದರೆ ನೀನು ಅಳುತ್ತೀಯಾ? ಸುಳ್ಳು ಬೇಡ ಅಮ್ಮಾ. ಈ ಒಂದನ್ನು ಬರೆದು ಕಳಿಸು, ಬೇರೆ ಏನೂ ಬರೆಯದಿದ್ದರೂ ಸರಿ.

ಸೂಜಿ


ಏಪ್ರಿಲ್ 19

ಅಮ್ಮಾ,

ದಿನಾ ನೋಡುತ್ತಿದ್ದೇನೆ. ಏನೂ ಬಂದಿಲ್ಲ. ಭಾಷೆ ತಪ್ಪಿದ್ದರೂ ಕಳಿಸು, ಪೂರ್ತಿ ಪುಟ ಕೆದರಿದ ಅಕ್ಷರವಾದರೂ ಚಿಂತೆಯಿಲ್ಲ. ಕೂತು ಬಿಡಿಸುತ್ತೇವೆ. ಕಾಲು ಊದಿದೆ. ರಕ್ತದೊತ್ತಡ ಹೆಚ್ಚಿದೆಯಂತೆ, ಲ್ಯಾಬಿಗೆ ಹೋಗಬೇಡ ಎಂದಿದ್ದಾರೆ. ಮಲಗಿದಲ್ಲಿಂದ ಕಾಣುವುದು ಒಂದು ಕಿಟಕಿ, ಅದರಾಚೆ ಇನ್ನೊಬ್ಬರ ಮನೆಯ ಗೋಡೆ.

ಅತ್ತಿದ್ದರೆ ಅತ್ತಿದ್ದೆ ಎಂದು ಬರೆ. ಸುಮ್ಮನಿರಬೇಡ. ಸುಮ್ಮನಿರುವುದು ನನಗೆ ಕೇಳಿಸುವ ಒಂದೇ ಒಂದು ಶಬ್ದ.

ಸೂಜಿ


ಮೇ 11

ಅಮ್ಮನಿಗೆ,

ಟೀಚರಮ್ಮನವರೇ, ನೀವು ವಾಪಸು ಬಂದಿದ್ದರೆ ದಯವಿಟ್ಟು ಅಂಚೆಯಲ್ಲಿ ಹಾಕಿರುವ ಈ ಕಾಗದವನ್ನು ಅಮ್ಮನಿಗೆ ಓದಿ ಹೇಳಿ. ಯಾವ ಸಾಲನ್ನೂ ಬಿಡಬೇಡಿ, ಮೆತ್ತಗೆ ಮಾಡಬೇಡಿ.

ನಿನ್ನ ಲಕೋಟೆ ಬಂತು. ಒಡೆದು ನೋಡಿದೆ. ಮೂರು ಬಿಳಿ ಹಾಳೆ, ನೀಟಾಗಿ ಮಡಿಚಿದ್ದು. ದೀಪಕ್ಕೆ ಹಿಡಿದೆ, ಕಿಟಕಿಗೆ ಹಿಡಿದೆ. ಏನೂ ಇಲ್ಲ. ನಿನ್ನ ಅಳಿಯ "ತಪ್ಪಾಗಿ ಹಾಕಿರಬೇಕು" ಎಂದರು. ಮೂರು ಹಾಳೆಯನ್ನು ಯಾರೂ ತಪ್ಪಾಗಿ ಮಡಿಚುವುದಿಲ್ಲ. ನಾನು ಒಂದು ಪ್ರಶ್ನೆ ಕೇಳಿದೆ. ಅದಕ್ಕೆ ಬರೆಯುವಂಥದ್ದು ಏನೂ ಇಲ್ಲ ಎಂದು ನೀನು ಕಳಿಸಿದೆ. ತಿಳಿಯಿತು.

ಹೆಣ್ಣು ಮಗು ಹುಟ್ಟಿದೆ. ತಿಂಗಳು ತುಂಬಿರಲಿಲ್ಲ. ನನ್ನ ಜೀವಕ್ಕೆ ಅಪಾಯವೆಂದು ಹೊಟ್ಟೆ ಕೊಯ್ದು ತೆಗೆದರು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಮೂಗಿನಲ್ಲಿ ಕೊಳವೆ. ಅಂಗೈಯಷ್ಟಿದೆ. ಪಕ್ಕದ ಯಂತ್ರ ಕೂಗಿದರೆ ನರ್ಸುಗಳು ಓಡಿಬರುತ್ತಾರೆ. ಅದು ಕೂಗಿದ್ದು ನನಗೆ ಗೊತ್ತಾಗುವುದು ಅವರು ಓಡುವುದನ್ನು ನೋಡಿದಾಗ. ಆದ್ದರಿಂದ ಕಣ್ಣು ಮುಚ್ಚದೆ ಕೂರುತ್ತೇನೆ.

ಇನ್ನು ಬರೆಯಬೇಡ. ಬಿಳಿ ಹಾಳೆ ಇಲ್ಲೂ ಬೇಕಾದಷ್ಟು ಸಿಗುತ್ತದೆ.

ನಿನ್ನ ಮಗಳು


ಮೇ 20

ಸೂಜೀ, ನನ್ನ ತಾಯೀ,

ಓದದೆ ಅಳಿಸಬೇಡ. ಇದು ಹೊಸ ವಿಳಾಸ, ಹೊಸ ಪಾಸ್‌ವರ್ಡ್. ಬರೆಯುತ್ತಿರುವವಳು ನಾನೇ. ಪ್ರತಿ ಸಾಲನ್ನೂ ಬರೆದು ಓದಿಸಿ ಕೇಳಿಯೇ ಮುಂದಕ್ಕೆ ಹೋಗುತ್ತಿದ್ದೇನೆ.

ನಿನ್ನ ಏಪ್ರಿಲ್ ಎರಡರ ಕಾಗದ ಕೇಳಿದೆ. ಕೇಳಿ ಆ ದಿನವೆಲ್ಲ ಏನೂ ಮಾಡಲಿಲ್ಲ. ಮಾರನೆಯ ದಿನ ಬರೆಯಲು ಕೂತರೆ ಯಂತ್ರ ತಾನಾಗಿ ಆರಿ ಹೊತ್ತಿಕೊಂಡಿತ್ತು. ಈಮೇಲಿನ ಪಾಸ್‌ವರ್ಡ್ ಕೇಳಿತು. ಹೊಡೆದೆ. ಬೇರೆ ಕಡೆ ಅಕ್ಷರ ಓದಿಸಿ ಕೇಳಬಹುದು, ಪಾಸ್‌ವರ್ಡ್ ಬರೆಯುವ ಜಾಗದಲ್ಲಿ ಮಾತ್ರ ಅದು ಏನು ಹೊಡೆದರೂ "ಸ್ಟಾರ್ ಸ್ಟಾರ್ ಸ್ಟಾರ್" ಅನ್ನುತ್ತದೆ, ಕಳ್ಳರು ಕೇಳಿಸಿಕೊಳ್ಳಬಾರದೆಂದು. ಕನ್ನಡವೋ ಇಂಗ್ಲಿಷೋ ಆ ಕರೆಯದ ನೆಂಟನೋ, ಎಲ್ಲಕ್ಕೂ ಸ್ಟಾರ್. ತಪ್ಪು ಎಂದಿತು. ಭಾಷೆ ಬದಲಾಯಿಸಿ ಹೊಡೆದೆ. ತಪ್ಪು. ಮತ್ತೆ ಬದಲಾಯಿಸಿದೆ. ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದೇನೆ ಎಂಬುದೇ ತಪ್ಪಿಹೋಯಿತು. ಕೊನೆಗೆ ಬಾಗಿಲು ಹಾಕಿಕೊಂಡುಬಿಟ್ಟಿತು. ನಾನೇ ಇದರ ಒಡತಿ ಎಂದು ತೋರಿಸಲು ಫೋನಿಗೆ ಒಂದು ಸಂಖ್ಯೆ ಕಳಿಸಿದ್ದೇನೆ ಎಂದಿತು. ಯಾರ ಫೋನಿಗೆ? ನಿಮ್ಮಪ್ಪನ ಫೋನಿಗೆ. ಆ ನಂಬರನ್ನು ನಾನೇ ಡಿಸೆಂಬರಿನಲ್ಲಿ ಮುಚ್ಚಿಸಿದ್ದೆ.

"ಹೊಸದು ಮಾಡ್ಕೊಡ್ತೀನಿ ಬಿಡಿ, ಅರ್ಧ ಗಂಟೆ ಕೆಲಸ" ಅಂದರು ಮೇಷ್ಟ್ರು. ನಾನು ಒಪ್ಪಲಿಲ್ಲ. ಅದರೊಳಗೆ ನಿಮ್ಮಪ್ಪ ನಿನಗೆ ಬರೆದದ್ದೆಲ್ಲ ಇತ್ತು, ನೀನು ಬರೆದದ್ದೆಲ್ಲ ಇತ್ತು. ಅವರ ಚಪ್ಪಲಿಯನ್ನೇ ಬಿಡದವಳು ಅದನ್ನು ಹೇಗೆ ಬಿಡಲಿ? ದಿನಾ ಹೋಗಿ ಆ ಬಾಗಿಲು ತಟ್ಟಿದೆ. ದಿನಾ ಸ್ಟಾರ್ ಸ್ಟಾರ್. ಮೇಷ್ಟ್ರು ತಮ್ಮ ವಿಳಾಸದಿಂದ ನಿನಗೆ ಒಂದು ಸಾಲು ಬರೆದರಂತೆ, ನಿಮ್ಮ ತಾಯಿಯ ಅಕೌಂಟ್ ಬಂದ್ ಆಗಿದೆ ಎಂದು. ನೀನು ಮೋಸದ ಮೇಲ್ ಎಂದುಕೊಂಡೆಯೋ ಏನೋ.

ಆಮೇಲೆ ನಿಮ್ಮಪ್ಪನ ಮೇಜಿನಿಂದ ದಪ್ಪ ಮೊನೆಯ ಮಾರ್ಕರ್ ತೆಗೆದು, ಹಾಳೆಯ ಮೇಲೆ ಪಟ್ಟಿ ಇಟ್ಟುಕೊಂಡು, ಕೈಯಲ್ಲೇ ಬರೆದೆ. ಮೂರು ಹಾಳೆ ತುಂಬ. ಅದನ್ನು ಬರೆಯುವಾಗ ನನ್ನ ಸೀರೆಯ ಸೆರಗು ಒದ್ದೆಯಾಯಿತು, ಮಾರ್ಕರ್ ಒಣಗಿತ್ತು. ಕಾಗದ ನನಗೆ ಓದಿ ಹೇಳುವುದಿಲ್ಲ ಮಗಳೇ. ಬರೆದದ್ದು ಮೂಡಿತೋ ಇಲ್ಲವೋ ಹೇಳುವವರು ಮನೆಯಲ್ಲಿ ಇರಲಿಲ್ಲ. ಅಂಗಡಿಯವನ ಕೈಯಲ್ಲಿ ಲಕೋಟೆಯ ಮೇಲೆ ವಿಳಾಸ ಬರೆಸಿ ಹಾಕಿದೆ. ಉತ್ತರಕ್ಕೆ ಕಾದೆ.

ನಿಮ್ಮ ಲ್ಯಾಬಿಗೆ ಫೋನ್ ಮಾಡಿದೆ. "ಅವರು ರಜದ ಮೇಲಿದಾರಮ್ಮ, ಆಸ್ಪತ್ರೆಗೆ ಸೇರಿಸಿದಾರೆ ಅಂತ ಯಾರೋ ಅಂದ್ರು" ಎಂದರು ಯಜಮಾನರು. ಯಾವ ಆಸ್ಪತ್ರೆ? ಕೇಳಿ ಹೇಳ್ತೀನಿ ಎಂದರು, ಹೇಳಲಿಲ್ಲ. ಚೀಲ ಹಿಡಿದು ಬಸ್ ನಿಲ್ದಾಣಕ್ಕೆ ಹೋದೆ. ಯಾರೋ ಕೈಹಿಡಿದು ಹತ್ತಿಸಿ ಕೂರಿಸಿದರು. ಕೂತ ಮೇಲೆ ಹೊಳೆಯಿತು: ಇಳಿದು ಎಲ್ಲಿಗೆ ಹೋಗಲಿ? ನಿಮ್ಮ ಮನೆಯ ಬಾಗಿಲು ಬಡಿದರೆ ತೆರೆಯುವವರು ಯಾರು? ಬಸ್ಸು ಹೊರಡುವ ಮೊದಲು ಇಳಿದುಬಿಟ್ಟೆ. ನಿಲ್ದಾಣದ ಕಲ್ಲಿನ ಮೇಲೆ ಕೂತು ಅತ್ತಿದ್ದನ್ನು ಎಷ್ಟು ಜನ ನೋಡಿದರೋ ನನಗೆ ಗೊತ್ತಿಲ್ಲ.

ಮೊನ್ನೆ ಟೀಚರಮ್ಮ ಬಂದರು. ನಿನ್ನ ಕಾಗದ ಓದಿದರು. ನೀನು ಹೇಳಿದಂತೆ ಒಂದು ಸಾಲೂ ಬಿಡಲಿಲ್ಲ. ಬಿಳಿ ಹಾಳೆ ಎಂಬಲ್ಲಿ ನಿಂತು, "ಯಾವ ಪೆನ್ನಲ್ಲಿ ಬರೆದ್ರಿ, ತನ್ನಿ ಇಲ್ಲಿ" ಅಂದರು. ತಂದೆ. ಗೀಚಿ ನೋಡಿ, "ಇದು ಒಣಗಿದೆ ಕಣ್ರೀ, ಏನೂ ಮೂಡ್ತಿಲ್ಲ" ಅಂದರು. ಅವತ್ತೇ ಮೇಷ್ಟ್ರನ್ನು ಕರೆಸಿ ಹಳೆಯ ವಿಳಾಸ ಬಿಟ್ಟೆ. ಈಗ ಬರೆಯುವ ಮೊದಲು ಖಾಲಿ ಪುಟ ತೆರೆದು ಒಂದೇ ಕೀ ಒತ್ತಿ ಓದಿಸುತ್ತೇನೆ. "ಎಲ್" ಎಂದರೆ ಇಂಗ್ಲಿಷ್, "ತ" ಎಂದರೆ ಕನ್ನಡ. ಇಷ್ಟೇ ಉಪಾಯ. ಇದು ಏಪ್ರಿಲಿನಲ್ಲಿ ಗೊತ್ತಿದ್ದರೆ!

ಈಗ ನಿನ್ನ ಪ್ರಶ್ನೆ. ಸುಳ್ಳು ಬೇಡ ಎಂದಿದ್ದೀಯ.

ಅತ್ತಿದ್ದೆ. ನಿನಗೆ ಒಂದೂವರೆ ವರ್ಷ. ಬೆನ್ನ ಹಿಂದೆ ತಟ್ಟೆ ಬಿತ್ತು, ನೀನು ತಿರುಗಲಿಲ್ಲ. ನಾನು ಬೇಕೆಂದೇ ಮತ್ತೆ ಬೀಳಿಸಿದೆ. ಮತ್ತೆ, ಮತ್ತೆ. ನಿಮ್ಮಪ್ಪ ಬಂದು ತಟ್ಟೆಯನ್ನು ಕೈಯಿಂದ ಕಿತ್ತುಕೊಂಡರು. ಅಂದಿನಿಂದ ಬಹಳ ಕಾಲ ಅತ್ತೆ. ನೀನು ಹೀಗಿದ್ದೀಯೆಂದಲ್ಲ. ತೊಟ್ಟಿಲ ಪಕ್ಕ ಅಷ್ಟು ದಿನ ಆಡಿದ ಮಾತು, ಹಾಡಿದ ಹಾಡು ಒಂದೂ ನಿನಗೆ ತಲುಪಿಲ್ಲ, ಇನ್ನು ತಲುಪುವುದೂ ಇಲ್ಲ, ನನ್ನ ದನಿ ದಂಡವಾಯಿತು ಎಂದು. ನನಗೋಸ್ಕರ ಅತ್ತೆ. ಮೂರು ವರ್ಷವಾದಾಗ ನೀನು ನನಗೊಂದು ಹೆಸರಿಟ್ಟೆ. ಜಾರಿದ ಕನ್ನಡಕವನ್ನು ನಾನು ಬೆರಳಲ್ಲಿ ಮೇಲೆ ತಳ್ಳುತ್ತಿದ್ದೆನಲ್ಲ, ಅದನ್ನೇ ಮಾಡಿ ತೋರಿಸಿ ನನ್ನನ್ನು ಕರೆದೆ. ಆವತ್ತು ಅಳು ನಿಂತಿತು ಅಂದರೆ ಚೆನ್ನಾಗಿರುತ್ತಿತ್ತು, ಆದರೆ ನಿಲ್ಲಲಿಲ್ಲ. ಅಳಲು ಪುರುಸೊತ್ತು ಸಿಗಲಿಲ್ಲ, ಅಷ್ಟೇ. ನೀನು ಅಷ್ಟು ಮಾತುಗಾರ್ತಿ.

ನಿನ್ನ ಮಗು ನಿನ್ನ ಹಾಗೇ ಇದ್ದರೆ ಅಳುತ್ತೇನಾ? ಹೌದು. ಅಳುತ್ತೇನೆ. ಅತ್ತು, ಎದ್ದು, ಮುಖ ತೊಳೆದು, ಅದನ್ನು ಎತ್ತಿಕೊಳ್ಳುತ್ತೇನೆ.

ಅದು ಉಸಿರಾಡುತ್ತಿದೆಯಾ? ಅಷ್ಟು ಮಾತ್ರ ಬರೆ.

ಅಮ್ಮ


ಜೂನ್ 17

ಅಮ್ಮಾ,

ಉಸಿರಾಡುತ್ತಿದೆ. ಕೊಳವೆ ತೆಗೆದಿದ್ದಾರೆ. ಮನೆಗೆ ಬಂದು ಒಂದು ವಾರವಾಯಿತು.

ನಿನ್ನ ಕಾಗದ ಬಂದ ದಿನವೇ ಓದಿದೆ. ಬಿಳಿ ಹಾಳೆಯ ಕಥೆ ಓದಿ ಗಾಜಿನ ಪೆಟ್ಟಿಗೆಗೆ ಹಣೆಯಿಟ್ಟುಕೊಂಡು ಅತ್ತೆ. ಬೇಡದ ಮೇಲ್‌ಗಳ ಬುಟ್ಟಿಯಲ್ಲಿ ಮೇಷ್ಟ್ರ ಸಾಲೂ ಸಿಕ್ಕಿತು. ಆದರೆ ಕೊನೆಗೆ ನೀನು ಬರೆದ "ಹೌದು" ನನ್ನನ್ನು ಸುಟ್ಟಿತು. ಸುಳ್ಳು ಬೇಡ ಎಂದವಳು ನಾನೇ, ಆದರೂ ಸುಟ್ಟಿತು. ನಿನಗೆ ಬರೆಯುವುದೇ ಬೇಡವೆಂದು ತೀರ್ಮಾನಿಸಿದೆ. ಮಗು ಉಸಿರಾಡುತ್ತಿದೆ ಎಂಬ ಒಂದು ಪದವನ್ನೂ ಕಳಿಸದೆ ನಿನ್ನನ್ನು ಇಷ್ಟು ದಿನ ಕೂರಿಸಿದೆ. ಅಷ್ಟು ಕೆಟ್ಟವಳಾಗಿದ್ದೆ.

ಬಿಡುಗಡೆಯ ದಿನ ಮಗುವಿನ ಕಿವಿಗೆ ತಂತಿ ಹಾಕಿ ಪರೀಕ್ಷೆ ಮಾಡಿದರು. ಹಸಿರು ದೀಪ ಹತ್ತಿತು. ನರ್ಸು ಹಿಂದಿನಿಂದ ಚಪ್ಪಾಳೆ ತಟ್ಟಿದಳು. ಮಗು ಬೆಚ್ಚಿ ಎರಡು ಕೈಯನ್ನೂ ಅಗಲಿಸಿತು. ಕೋಣೆಯಲ್ಲಿದ್ದವರೆಲ್ಲ ನಕ್ಕರು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಡಾಕ್ಟರ್ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದರು: "ಕೇಳಿಸುತ್ತದೆ!" ನಾನು ಅತ್ತೆ. ಎಲ್ಲರೂ ಸಂತೋಷಕ್ಕೆ ಎಂದುಕೊಂಡರು.

ಸಂತೋಷಕ್ಕಲ್ಲ ಅಮ್ಮಾ. ಅವಳು ನನ್ನವಳಲ್ಲ ಎಂದು ಅತ್ತೆ. ಅವಳು ನಿಮ್ಮೆಲ್ಲರ ಕಡೆಯವಳು. ನನ್ನ ಕೈಯ ಮಾತು ಅವಳಿಗೆ ಎರಡನೆಯದಾಗುತ್ತದೆ, ಬಾಗಿಲಾಚೆಯಿಂದ ಯಾರೋ ಕೂಗಿದರೆ ನನ್ನ ಕೈ ನೋಡುತ್ತಿದ್ದವಳು ಆ ಕಡೆ ತಿರುಗುತ್ತಾಳೆ. ಮನೆಗೆ ಬಂದ ಮೇಲೂ ಅತ್ತೆ. ನಿನ್ನ ಅಳಿಯ ಎದುರು ಕೂತು, "ನಿಮ್ಮಮ್ಮ ಅತ್ತದ್ದೂ ಇದನ್ನೇ ಅಲ್ಲವಾ?" ಎಂದು ಕೈಯಲ್ಲಿ ಕೇಳಿದರು. ನಾನು ಎದ್ದು, ಮುಖ ತೊಳೆದು, ಮಗುವನ್ನು ಎತ್ತಿಕೊಂಡೆ. ಎತ್ತಿಕೊಂಡ ಮೇಲೆ ನಿನ್ನ ಸಾಲು ನೆನಪಾಯಿತು.

ಈಗ ಭಯ ಬೇರೆ. ನಮ್ಮ ಮನೆಯಲ್ಲಿ ಮಾತೇ ಇಲ್ಲ. ಪಾತ್ರೆ ಸದ್ದು, ಕುರ್ಚಿ ಎಳೆದ ಸದ್ದು ಇರಬಹುದು, ಅದೂ ಎಷ್ಟೆಂದು ನಮಗೆ ಗೊತ್ತಿಲ್ಲ. ನಮ್ಮ ಕಂಪ್ಯೂಟರಿಗೂ ಸ್ಕ್ರೀನ್ ರೀಡರ್ ಹಾಕಿಸಿದೆ. ನೀನು ಬಂದರೆ ನಾನು ಕನ್ನಡದಲ್ಲಿ ಹೊಡೆಯುತ್ತೇನೆ, ಅದು ನಿನಗೆ ಹೇಳುತ್ತದೆ, ನೀನು ಕೈಯಲ್ಲಿ ಉತ್ತರ ಕೊಡು ಎಂದು ಲೆಕ್ಕ ಹಾಕಿದ್ದೆ. ಹಾಕಿಸಿದವರು ಹೋದ ಮೇಲೆ ಒಂದು ಸಾಲು ಹೊಡೆದು ನೋಡಿದೆ. ಯಂತ್ರ ಏನು ಹೇಳಿತೋ ನನಗೆ ತಿಳಿಯದು. ಮಡಿಲಲ್ಲಿದ್ದ ಮಗು ತಲೆ ತಿರುಗಿಸಿ ಅದರ ಕಡೆ ನೋಡಿತು. ರೈಲು ತಡವಾಗಿದೆ ಅನ್ನುವ ದನಿ ಎಂದಿದ್ದೆಯಲ್ಲ. ನಾನು ಕೂಡಲೇ ಆರಿಸಿಬಿಟ್ಟೆ. ಅವಳು ಈ ಮನೆಯಲ್ಲಿ ಕೇಳುವ ಕನ್ನಡ ಅದಾಗಬಾರದು.

ಬಚ್ಚಲಲ್ಲಿ ಜಾರದ ಹಾಸು ಹಾಕಿದ್ದೇವೆ. ನೀನು ಎಳೆದರೆ ಎಲ್ಲ ಕೋಣೆಯಲ್ಲೂ ದೀಪ ಮಿನುಗುವ ಹಾಗೆ ಒಂದು ಹಗ್ಗವನ್ನೂ ನಿನ್ನ ಅಳಿಯ ಕಟ್ಟಿದ್ದಾರೆ. ಬಂದು ಅವಳ ಹತ್ತಿರ ಮಾತಾಡು ಅಮ್ಮಾ. ಏನಾದರೂ ಸರಿ. ಬೈದರೂ ಸರಿ.

ಸೂಜಿ


ಜೂನ್ 22

ಸೂಜೀ,

ಬರುತ್ತೇನೆ. ಗುರುವಾರದ ಬೆಳಗಿನ ರೈಲು. ಟೀಚರಮ್ಮ ಹತ್ತಿಸುತ್ತಾರೆ. "ನೀವು ಬೈಯೋದಕ್ಕೆ ಅಂತ ಕರೆಸ್ಕೊಳ್ತಿರೋ ಮಗಳು ಇವಳೊಬ್ಬಳೇ ಇರ್ಬೇಕು" ಎಂದು ನಗುತ್ತಿದ್ದರು, ನಗುತ್ತಾ ನಿಂತು ಮೂಗು ಸೀಟಿಕೊಂಡರು. ಈ ಕಾಗದ ಕಳಿಸಿದ ಮೇಲೆ ಇಲ್ಲಿಯ ಯಂತ್ರವನ್ನು ಮೇಷ್ಟ್ರ ತರಗತಿಗೆ ಕೊಡುತ್ತೇನೆ. ಮನೆಯ ಬೀಗದ ಕೈ ಟೀಚರಮ್ಮನ ಹತ್ತಿರ ಇರುತ್ತದೆ. ನನಗೆ ಹೆದರಿಕೆಯಿಲ್ಲ ಎಂದೇನೂ ಬರೆಯುವುದಿಲ್ಲ.

ನಿಲ್ದಾಣದಲ್ಲಿ ನೀನು ಕೈ ಬೀಸಿದರೆ ನನಗೆ ಕಾಣುವುದಿಲ್ಲ. ನಾನು ಕೂಗಿದರೆ ನಿನಗೆ ಕೇಳುವುದಿಲ್ಲ. ಅದಕ್ಕೇ ಹೀಗೆ ಮಾಡೋಣ: ನಾನು ರೈಲಿನಿಂದ ಇಳಿದ ಜಾಗದಲ್ಲೇ ನಿಂತಿರುತ್ತೇನೆ, ಯಾರು ಏನು ಹೇಳಿದರೂ ಕದಲುವುದಿಲ್ಲ. ನೀನು ಮಗುವನ್ನು ಎತ್ತಿಕೊಂಡು ಪ್ಲಾಟ್‌ಫಾರ್ಮ್ ಉದ್ದಕ್ಕೂ ನಡೆದು ಬಾ. ಅದು ಅಳುತ್ತಿದ್ದರೆ ಸಮಾಧಾನ ಮಾಡಬೇಡ, ಅಳಲಿ ಬಿಡು. ನಾನು ಕೇಳಿಸಿಕೊಳ್ಳುತ್ತೇನೆ.

ಅಮ್ಮ